ಮೊಸಳೆ ಬಾಯಿ ತೆರೆದಾಗ

ಸ್ನೇಹಾಳ ಮೊಸಳೆ ಎರಡು ಭಾನುವಾರದಿಂದ ಯಾರನ್ನೂ ಕಚ್ಚದೆ ಉಪವಾಸ ಕೂತಿತ್ತು. ಅದರಲ್ಲಿ ಮೊಸಳೆಯ ತಪ್ಪೇನೂ ಇರಲಿಲ್ಲ. ಕಾಳಗ ಶುರುವಾಗುವ ಮೊದಲೇ ಸ್ನೇಹಾ ಕಾಳಗದ ನಿಯಮ ಹೇಳಲು ಕೂರುತ್ತಿದ್ದಳು. ಹೇಳಿ ಮುಗಿಸುವಷ್ಟರಲ್ಲಿ ಚಹಾದ ಹೊತ್ತಾಗಿ, ಆಡಲು ಬಂದವರಿಗೆಲ್ಲ ಮನೆಯಲ್ಲಿ ಏನೋ ಕೆಲಸ ನೆನಪಾಗಿಬಿಡುತ್ತಿತ್ತು. ಬನಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನೋಡಿ, ಸೂತ್ರ ಹೇಳದೆ ಲೆಕ್ಕ ಬಿಡಿಸಲು ಕೊಡುವುದು ಅವಳ ಕೈಲಾಗದ ಮಾತು.

ಆಟವನ್ನು ಅವಳು ಧಾರವಾಡದ ಹಾಸ್ಟೆಲ್ಲಿನಲ್ಲಿ ಕಲಿತಿದ್ದಳು. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗುತ್ತಾರೆ. ಮಾಡಹೊರಟ ಕೆಲಸ ಆಯಿತೋ ಕೆಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸ್ನೇಹಾ ತನ್ನ ಕತೆಯನ್ನು ಗಲಗಲಿಯ ಹೊಳೆಗೆ ತಂದಿದ್ದಳು. ಒಂದು ಹರಗೋಲು, ದೂರದಲ್ಲಿ ಆಚೆ ದಡ, ನಡುವೆ ಎತ್ತಿನಗಾಡಿಯಷ್ಟು ಉದ್ದದ ಮೊಸಳೆ. ಅವಳ ದೊಡ್ಡಪ್ಪನ ಮಗ ಮಾಂತೇಶ ಸಮೀರವಾಡಿಯ ಕಾರ್ಖಾನೆಯಲ್ಲಿ ಫಿಟ್ಟರ್; ಕತೆಯಲ್ಲಿ ಪೈಲ್ವಾನ. ಅವಳ ಶಾಲೆಯಲ್ಲೇ ಕನ್ನಡ ಕಲಿಸುವ ಸಂಘಮಿತ್ರಾ ಮುಧೋಳದ ರೈತರ ಮಗಳು. ಕತೆಯಲ್ಲಿ ಬಿಲ್ಲು ಹಿಡಿದು, ಪಕ್ಕದಲ್ಲಿ ಬೇಟೆನಾಯಿ ಕಟ್ಟಿಕೊಂಡವಳು. ಈ ಸಲವಾದರೂ ಮೊಸಳೆ ಮೈಮೇಲೆ ಬರದಿದ್ದರೆ ಮುಂದಿನ ವಾರದಿಂದ ನಮ್ಮ ದಾರಿ ನೋಡಬೇಡ ಎಂದು ಇಬ್ಬರೂ ನಗುತ್ತಲೇ ಹೇಳಿ ಹೋಗಿದ್ದರು.

ಈ ಭಾನುವಾರ ಸ್ನೇಹಾಳ ಎದೆ ಡವಗುಟ್ಟುತ್ತಿದ್ದುದಕ್ಕೆ ಕಾರಣ ಬೇರೆಯೇ ಇತ್ತು. ಚಾಪೆಯ ಮೇಲೆ ಮೂರನೆಯವನಾಗಿ ಅವಳ ಅಪ್ಪ ನಿಂಗಣ್ಣ ಕೂತಿದ್ದ.

ನಿಂಗಣ್ಣ ಮೂವತ್ತೆಂಟು ವರ್ಷದಿಂದ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿಯುತ್ತಿದ್ದವನು. ಒಬ್ಬನೇ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ. ಅಲ್ಲಿಯ ಗದ್ದಲ ಅವನ ಕಿವಿಯನ್ನು ವರ್ಷಕ್ಕಿಷ್ಟು ಎಂದು ತಿಂದು ಈಗ ಹೆಚ್ಚೇನೂ ಉಳಿಸಿರಲಿಲ್ಲ. ಎದುರಿಗೆ ಒಬ್ಬರೇ ಕೂತು ಮಾತಾಡಿದರೆ ತುಟಿ ನೋಡಿ ಹಿಡಿಯುತ್ತಿದ್ದ. ಮೂರು ಜನ ಸೇರಿದರೆ ಕಳೆದುಹೋಗುತ್ತಿದ್ದ. ಮದುವೆ ಮನೆಗಳಲ್ಲಿ ಕೈ ತೊಳೆದ ಕೂಡಲೇ ಚಪ್ಪಲಿ ಹುಡುಕುತ್ತಿದ್ದ. ಹೋದ ಭಾನುವಾರ ಎಲ್ಲರೂ ನಗುವುದನ್ನು ಬಾಗಿಲಲ್ಲಿ ನಿಂತು ಕಂಡವನು ಏನಾತು ಎಂದು ಕೇಳಿದ್ದ. ಸ್ನೇಹಾ ತಲೆ ಕೂಡ ಎತ್ತದೆ, "ಏನಿಲ್ಲಪ್ಪಾ, ಸುಮ್ನ," ಎಂದಿದ್ದಳು. ಅವನು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟ.

ಆ 'ಏನಿಲ್ಲ' ವಾರವಿಡೀ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಕಿವಿ ಕೇಳದವರಿಗೆ ಮನೆಮಂದಿ ದಿನಕ್ಕೆ ಹತ್ತು ಸಲ ಕೊಡುವ ಉತ್ತರ ಅದು. ತಾನು ಎಷ್ಟು ಸಲ ಕೊಟ್ಟಿದ್ದೇನೆಂಬ ನೆನಪೂ ಇಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು.

ಈ ದಿನ ಲೈನ್ ರಿಪೇರಿಗೆಂದು ಕರೆಂಟು ತೆಗೆದಿದ್ದರಿಂದ ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದ್ದವು. ಕೆಲಸವಿಲ್ಲದೆ ಮನೆಯೊಳಗೆ ತಿರುಗುತ್ತಿದ್ದ ಅಪ್ಪನನ್ನು ಅವಳು ರಟ್ಟೆ ಹಿಡಿದು ತಂದು ಕೂರಿಸಿದ್ದಳು. ಒಮ್ಮೆ ಬೇಜಾರಾಗಿ ಎದ್ದನೆಂದರೆ ಮತ್ತೆಂದೂ ಈ ಚಾಪೆಗೆ ಬರುವವನಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ನಿಯಮಗಳನ್ನು ಎರಡು ಹಾಳೆಗಳಲ್ಲಿ ಗುಂಡಗೆ ಬರೆದಿಟ್ಟಿದ್ದಳು. ಎರಡನೆಯದರಲ್ಲಿ ಇದ್ದದ್ದು ಕಷ್ಟದ ನಿಯಮಗಳು. ಹೊಸಬರು ನೋಡಿದರೆ ಹೆದರುತ್ತಾರೆಂದು ಅದನ್ನು ದಾಳದ ಡಬ್ಬಿಯ ಕೆಳಗೆ ಬಚ್ಚಿಟ್ಟು, ಮೊದಲನೆಯದನ್ನಷ್ಟೇ ಕೊಟ್ಟಳು. ನಿಂಗಣ್ಣ ಚಷ್ಮಾ ಏರಿಸಿ ಓದಿದ. ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟ, ಯಾರದೋ ಲಗ್ನಪತ್ರಿಕೆ ಇಟ್ಟ ಹಾಗೆ. ಕತೆಯಲ್ಲಿ ಯಾರಾಗುತ್ತೀ ಎಂದು ಕೇಳಿದ್ದಕ್ಕೆ ಅಂಬಿಗ ಎಂದ.

ಮೊಸಳೆ ನೀರಿನಿಂದ ಎದ್ದಿತು. ಅದು ಏಳುತ್ತಲೇ ಮಾಂತೇಶ, ಸಂಘಮಿತ್ರಾ ಇಬ್ಬರೂ ಒಟ್ಟಿಗೆ ಬಾಯಿ ಹಾಕಿದರು. ಒಬ್ಬ ಹಾರುತ್ತೇನೆನ್ನುತ್ತಾನೆ, ಒಬ್ಬಳು ನಾಯಿ ಬಿಡುತ್ತೇನೆನ್ನುತ್ತಾಳೆ, ಮೊದಲು ಯಾರು ಎಂಬುದೇ ಬಗೆಹರಿಯದು. ನಿಂಗಣ್ಣನ ಕಣ್ಣು ಅವನ ತುಟಿಯಿಂದ ಇವಳ ತುಟಿಗೆ ಓಡಿ ಓಡಿ ಸೋತಿತು. ಮುಖದ ಮೇಲೆ ಒಂದು ನಗೆ ಬಂತು. ತನಗೂ ಕೇಳಿಸಿತು ಎಂದು ತೋರಿಸಲು ಅವನು ಇಟ್ಟುಕೊಂಡಿದ್ದ ನಗೆ. ಸ್ನೇಹಾಳಿಗೆ ಅದರ ಗುರುತು ಚೆನ್ನಾಗಿಯೇ ಇತ್ತು. ಅದರ ಹಿಂದೆಯೇ ಅವನ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಇನ್ನೇನು ಏಳುತ್ತಾನೆ.

ಆಗ ಅವಳಿಗೆ ಶೆಡ್ಡು ನೆನಪಾಯಿತು. ಸಣ್ಣವಳಿದ್ದಾಗ ದಿನಾ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದಳು. ಆ ಸಪ್ಪಳದಲ್ಲಿ ಬಾಯಿಂದ ಮಾತಾಡಿ ಉಪಯೋಗವಿರಲಿಲ್ಲ. ಅಲ್ಲಿ ಎಲ್ಲರೂ ಕೈಯಿಂದ ಮಾತಾಡುತ್ತಿದ್ದರು. ತೋರುಬೆರಳನ್ನು ಕೊಕ್ಕೆ ಮಾಡಿ ಎಳೆದರೆ ಎಳೆ ಹರಿದಿದೆ ಎಂದರ್ಥ. ಅಂಗೈ ಕೆಳಗೊತ್ತಿದರೆ ಮಗ್ಗ ನಿಲ್ಲಿಸು. ಎರಡು ಬೆರಳು ನಡೆದರೆ ಆಚೆ ಮಗ್ಗಕ್ಕೆ ಹೋಗು. ಕಣ್ಣಿನ ಕೆಳಗೆ ಬೆರಳಿಟ್ಟರೆ ನೋಡುತ್ತಿರು. ಒಬ್ಬರ ಕೈ ಆಡುವಾಗ ಇನ್ನೊಬ್ಬರು ಕೈ ಎತ್ತುತ್ತಿರಲಿಲ್ಲ.

ಸ್ನೇಹಾ ನೆಲಕ್ಕೆ ಅಂಗೈಯಿಂದ ಬಡಿದಳು. ಎಲ್ಲರೂ ತಿರುಗಿದರು.

"ಇನ್ನ ಮ್ಯಾಲ ಬಾಯಿ ಬಂದ್," ಎಂದಳು. "ಶೆಡ್ಡಿನ ಮಾತು ಅಷ್ಟ."

ಹೀಗೆ, ಎರಡು ವಾರ ಅವಳ ಬಾಯಿಗೆ ಬಗ್ಗದ ನಿಯಮಗಳನ್ನು ಹತ್ತು ನಿಮಿಷದಲ್ಲಿ ಕೈ ಹೇಳಿತು. ದಾಳದಲ್ಲಿ ಹೆಚ್ಚು ಬಿದ್ದವರಿಗೆ ಮೊದಲ ಪಾಳಿ: ಮಾಂತೇಶ, ಸಂಘಮಿತ್ರಾ, ನಿಂಗಣ್ಣ, ಕೊನೆಗೆ ಮೊಸಳೆ. ಎರಡು ಬೆರಳು ನಡೆದರೆ ಒಂದು ಚಲನೆ. ಮುಷ್ಟಿ ಕಟ್ಟಿದರೆ ಒಂದು ಏಟು. ಅಂಗೈ ಕೆಳಗೊತ್ತಿದರೆ ನನ್ನ ಪಾಳಿ ಮುಗಿಯಿತು. ಮೊಸಳೆಯ ಚರ್ಮ ಎಷ್ಟು ಗಟ್ಟಿಯೆಂಬುದನ್ನು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದಳು: ಹದಿಮೂರು. ಅಷ್ಟು ಬೀಳದಿದ್ದರೆ ಏಟು ಜಾರುತ್ತದೆ.

ಮಾಂತೇಶ ಶೆಡ್ಡಿನಲ್ಲೇ ಬೆಳೆದವನು, ಅವನಿಗೆ ತೊಂದರೆಯಾಗಲಿಲ್ಲ. ಪಿಳಿಪಿಳಿ ಕಣ್ಣು ಬಿಡುವ ಸರದಿ ಈಗ ಸಂಘಮಿತ್ರಾಳದು. ಶಾಲೆಯ ಭಾಷಣಗಳಲ್ಲಿ ಮೈಕು ಬಿಡದವಳು, ಪಾಪ, ಯಾವ ಬೆರಳು ಯಾವುದಕ್ಕೆಂದು ತಿಳಿಯದೆ ಒದ್ದಾಡಿದಳು. ನಿಂಗಣ್ಣ ಅವಳತ್ತ ಸರಿದು ಕೂತು ಒಂದೊಂದನ್ನೂ ನಿಧಾನಕ್ಕೆ ಮಾಡಿ ತೋರಿಸಿದ, ತಪ್ಪಿದಾಗ ತಲೆಯಾಡಿಸಿ ಮತ್ತೆ ತೋರಿಸಿದ. ಟವೆಲ್ಲು ಹೆಗಲಿಂದ ಜಾರಿ ಬಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಮೊದಲ ಸುತ್ತಿನಲ್ಲಿ ಮೂವರದೂ ಬರೀ ಪೇಚಾಟ. ಪೈಲ್ವಾನ ಹಾರಿ ನೀರಿಗೆ ಬಿದ್ದ. ಬಾಣ ಹೊಳೆಯ ಪಾಲಾಯಿತು. ಅಂಬಿಗನ ಬಿದಿರ ಗಳ ಮೊಸಳೆಯ ಬೆನ್ನ ಮೇಲೆ ಜಾರಿತು. ಮೊಸಳೆ ಹರಗೋಲಿನ ಅಂಚನ್ನೇ ಕಿತ್ತುಕೊಂಡು ಹೋಯಿತು. ಎರಡನೆಯ ಸುತ್ತಿನಲ್ಲೂ ಮೊದಲಿಬ್ಬರ ದಾಳ ಕೈಕೊಟ್ಟಿತು.

ನಿಂಗಣ್ಣನ ಪಾಳಿ ಬಂತು. ಅವನು ದಾಳವನ್ನು ಕೈಗೆ ತೆಗೆದುಕೊಂಡ, ಆದರೆ ಒಗೆಯಲಿಲ್ಲ. ಕಣ್ಣಿನ ಕೆಳಗೆ ಬೆರಳಿಟ್ಟ. ಹಾಗೇ ಕೂತ.

ಮುಗಿಯಿತು, ಅಪ್ಪನಿಗೆ ಏನೂ ತಿಳಿದಿಲ್ಲ, ಇಷ್ಟು ಹೊತ್ತು ನನ್ನ ಸಮಾಧಾನಕ್ಕೆ ಕೂತಿದ್ದಾನೆ ಎಂದು ಸ್ನೇಹಾ ಅಂದುಕೊಂಡಳು. ಮಾಂತೇಶನಿಗೆ ತಡೆಯಲಾಗಲಿಲ್ಲ.

"ಕಾಕಾ, ದಾಳ ಒಗೀರಿ, ನಿಮ್ಮ ಪಾಳಿ ಬಂದೈತಿ."

ನಿಂಗಣ್ಣ ಅವನತ್ತ ನೋಡಲೂ ಇಲ್ಲ. ಮಗಳನ್ನೇ ನೋಡುತ್ತ ಎರಡೂ ಮಣಿಕಟ್ಟು ಜೋಡಿಸಿ ಅಂಗೈಗಳನ್ನು ದವಡೆಯ ಹಾಗೆ ಮೆಲ್ಲಗೆ ತೆರೆದ. ಆಮೇಲೆ ಮುಷ್ಟಿ ಕಟ್ಟಿ ಮುಂದಕ್ಕೆ ಚುಚ್ಚಿದ. ಅವಳಿಗೆ ತಿಳಿಯಲಿಲ್ಲವೆಂದು ಇನ್ನೊಮ್ಮೆ ಮಾಡಿದ: ಕಣ್ಣು, ದವಡೆ, ಮುಷ್ಟಿ.

ಈಗ ಹೊಡೆಯುವುದಿಲ್ಲ. ನೋಡುತ್ತಿರುತ್ತೇನೆ. ಅದು ಬಾಯಿ ತೆರೆದಾಗ ಗಳ ಒಳಗೆ.

ಸ್ನೇಹಾಳ ಮೈ ಜುಮ್ಮೆಂದಿತು. ಆ ನಿಯಮ ಇದ್ದದ್ದು ಎರಡನೆಯ ಹಾಳೆಯ ಕಡೆಯ ಸಾಲಿನಲ್ಲಿ, ಡಬ್ಬಿಯ ಕೆಳಗೆ. ನಿಮ್ಮ ಪಾಳಿಯನ್ನು ಕಾದಿಟ್ಟುಕೊಳ್ಳಬಹುದು; ಯಾವುದಕ್ಕಾಗಿ ಕಾಯುತ್ತೀರೆಂದು ಮೊದಲೇ ಹೇಳಿದರೆ, ಅದು ಘಟಿಸಿದ ಕೂಡಲೇ ಬೇರೆಯವರ ಪಾಳಿಯ ನಡುವೆಯೇ ಹೊಡೆಯಬಹುದು. ಧಾರವಾಡದಲ್ಲಿ ಅವಳಿಗೆ ಅದು ತಲೆಗೆ ಹೋಗಲು ಒಂದು ತಿಂಗಳು ಹಿಡಿದಿತ್ತು. ಇಲ್ಲಿ ಅದನ್ನು ಯಾರೂ ಅಪ್ಪನಿಗೆ ಹೇಳಿಕೊಟ್ಟಿರಲಿಲ್ಲ.

ಇಲ್ಲ, ಹೇಳಿಕೊಟ್ಟಿದ್ದರು. ಮೂವತ್ತೆಂಟು ವರ್ಷ ನಾಲ್ಕು ಮಗ್ಗಗಳು ಹೇಳಿಕೊಟ್ಟಿದ್ದವು. ನಡುವೆ ನಿಂತು, ಕೈ ಖಾಲಿ ಬಿಟ್ಟು, ನಾಲ್ಕರ ಮೇಲೂ ಕಣ್ಣಿಟ್ಟು, ಎಲ್ಲಿ ಎಳೆ ಹರಿಯುತ್ತದೋ ಅಲ್ಲಿಗೆ ಅದೇ ಗಳಿಗೆಗೆ ಕೈ ಹಾಕುವುದು. ಬುತ್ತಿ ಒಯ್ದ ಹುಡುಗಿ ಮನೆಗೆ ಬಂದು, ಅಪ್ಪ ಶೆಡ್ಡಿನಲ್ಲಿ ಏನೂ ಮಾಡುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ ಎಂದು ಅವ್ವನಿಗೆ ಚಾಡಿ ಹೇಳಿದ್ದಳು. ಎದುರು ಕೂತ ಈ ಮನುಷ್ಯನನ್ನು ತಾನು ಇವತ್ತೇ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿ ಅವಳಿಗೆ ಕೈಮುಗಿಯುವಂತಾಯಿತು.

ಮೊಸಳೆಯ ಪಾಳಿ. ಕತೆ ನಡೆಸುವವಳು ಪಕ್ಷಪಾತ ಮಾಡುವಂತಿಲ್ಲ. ಅವಳು ಸಂಘಮಿತ್ರಾಳ ನಾಯಿಯತ್ತ ಬೆರಳು ತೋರಿಸಿ, ಮಣಿಕಟ್ಟು ಜೋಡಿಸಿ, ಅಂಗೈ ತೆರೆಯತೊಡಗಿದಳು. ಪೂರ್ತಿ ತೆರೆಯುವ ಮೊದಲೇ ನಿಂಗಣ್ಣನ ದಾಳ ನೆಲಕ್ಕೆ ಬಿದ್ದಿತ್ತು. ಅದು ಉರುಳಿ ಡಬ್ಬಿಗೆ ತಾಗಿ ನಿಂತಿತು. ಹದಿನಾಲ್ಕು.

ಗಳ ದವಡೆಯ ನಡುವೆ ನೆಟ್ಟಗೆ ನಿಂತಿತು. ಎತ್ತಿನಗಾಡಿಯಷ್ಟು ಉದ್ದದ ಮೊಸಳೆಗೆ ಬಾಯಿ ಮುಚ್ಚಲಾಗಲಿಲ್ಲ; ಹಿಂದಕ್ಕೆ ಹೊರಳಿ ಮಡುವಿನಲ್ಲಿ ಇಳಿದುಹೋಯಿತು. ಹರಗೋಲು ಮೆಲ್ಲಗೆ ಆಚೆ ದಡಕ್ಕೆ ತಿರುಗುವುದು ನಾಲ್ವರಿಗೂ ಕಾಣುತ್ತಿತ್ತು.

ಕಡೆಗೆ ಸಂಘಮಿತ್ರಾ, ಹೊಸದಾಗಿ ಕಲಿತ ಹುರುಪಿನಲ್ಲಿ, ಬೆರಳನ್ನು ಕೊಕ್ಕೆ ಮಾಡಿ ಎಳೆದು ಮೊಸಳೆ ಹೋದ ಕಡೆಗೆ ತೋರಿಸಿದಳು. ಮೊಸಳೆಯ ಎಳೆ ಹರಿಯಿತು. ನಿಂಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಇಟ್ಟುಕೊಂಡ ನಗೆ ಎಲ್ಲಿ ಹೋಯಿತೋ, ಇದು ಬೇರೆ. ಎಲ್ಲರೂ ನಕ್ಕರು.

ಚಹಾದ ತಾಟು ಹಿಡಿದು ಬಂದ ಅವ್ವ ಯಲ್ಲವ್ವ ಬಾಗಿಲಲ್ಲೇ ನಿಂತು, "ಏನಾತು? ಯಾಕ ಎಲ್ಲಾರೂ ನಗಾಕತ್ತೀರಿ?" ಎಂದಳು.

"ಏನಿಲ್ಲ..." ಸ್ನೇಹಾಳ ಬಾಯಿ ಅಭ್ಯಾಸದಂತೆ ತೆರೆದೇಬಿಟ್ಟಿತ್ತು.

ಆ ಒಂದು ಮಾತನ್ನು ನಿಂಗಣ್ಣ ಯಾರ ತುಟಿಯ ಮೇಲಾದರೂ ಗುರುತು ಹಿಡಿಯಬಲ್ಲವನಾಗಿದ್ದ. ಮಗಳ ಮುಂದೆ ಅಂಗೈ ಚಾಚಿ ಕೆಳಗೊತ್ತಿದ. ನಿಲ್ಲಿಸು. ಆಮೇಲೆ ಸರಿದು, ಚಾಪೆಯ ಮೇಲೆ ಹೆಂಡತಿಗೆ ಜಾಗ ಮಾಡಿದ.

"ಬಾ, ಇಲ್ಲಿ ಕುಂದ್ರ," ಎಂದ. "ಬಾಳ ಆಗೇತಿ. ನಾ ಹೇಳ್ತೀನಿ."

ಯಲ್ಲವ್ವ ತಾಟು ಕೆಳಗಿಟ್ಟು ಕೂತಳು. ನಿಂಗಣ್ಣ ಗಲಗಲಿಯ ಹೊಳೆಯಿಂದ ಶುರು ಮಾಡಿದ.