ದೀಪ ಹಚ್ಚದ ಹನ್ನೊಂದು ದಿನ

ಋಷಿಮೂಲ, ನದಿಮೂಲ ಹುಡುಕಬಾರದು ಅಂತಾರೆ ಹಿರಿಯರು. ಹಲಗೂರಿನ ಶೋಭಿತಾ ಎರಡು ವರ್ಷದಿಂದ ಹುಡುಕುತ್ತಿದ್ದದ್ದು ರಕ್ತ ಹೀರುವ ದೊರೆಯೊಬ್ಬನ ಮೂಲ. ‘ಕರಿಕೋಟೆ’ ಅನ್ನೋ ವಿಡಿಯೋ ಗೇಮಿನಲ್ಲಿ ಆ ದೊರೆಯನ್ನು ಕೊಲ್ಲುವ ಇರೀನಾ ಅವನದೇ ಮೊಮ್ಮಗಳು ಅನ್ನುವುದು ಇವಳ ವಾದ. ಅಲ್ಲವೇ ಅಲ್ಲ ಅನ್ನುವುದು ಬೆಸಗರಹಳ್ಳಿಯ ಶಶಿಧರನದು. ಗೇಮಿನ ಗ್ರೂಪಿನಲ್ಲಿ ಕಚ್ಚಾಡುತ್ತಾ ಕಚ್ಚಾಡುತ್ತಾ ಇಬ್ಬರೂ ಮದುವೆ ಮಾತಿಗೆ ಬಂದು ನಿಂತಿದ್ದರು.

ಅವಳ ಸಾಕ್ಷಿ ಒಂದೇ. ದೊರೆ ಸತ್ತ ಮೇಲೆ ಇರೀನಾ ಹನ್ನೊಂದು ದಿನ ದೇವರ ಮುಂದೆ ದೀಪ ಹಚ್ಚುವುದಿಲ್ಲ.

“ಸೂತಕ ಕಣೋ ಅದು! ರಕ್ತಸಂಬಂಧ ಇಲ್ದೆ ಯಾರು ಮಾಡ್ತಾರೆ?”

“ಗೇಮು ಮಾಡಿದ ಪರದೇಶದೋರಿಗೆ ಸೂತಕ ಏನ್ ಗೊತ್ತು, ಬುಡು” ಅಂತ ಶಶಿಧರ ನಗುತ್ತಿದ್ದ. ಆದರೆ ಅವಳಿಗೆ ಅದು ಹೊಳೆದದ್ದೇ ಅವನಿಂದ. ಕಳೆದ ವರ್ಷ ಅವನ ತಾತ ಅಂಕಯ್ಯ ತೀರಿಕೊಂಡಾಗ, ಹನ್ನೊಂದು ದಿನ ನಮ್ಮನೇಲಿ ದೀಪ ಇಲ್ಲ ಅಂದಿದ್ದ.

ಇವತ್ತು ಗಂಡಿನವರು ಎಲೆ ಅಡಿಕೆ ಬದಲಾಯಿಸಿಕೊಳ್ಳಲು ಬರುವ ದಿನ. ಒಕ್ಕಲು ಬೇರೆ, ಮನೆದೇವರು ಬೇರೆ, ಅಣ್ಣತಮ್ಮಂದಿರ ಪೈಕಿ ಅಲ್ಲ ಅಂತ ಅಪ್ಪ ಸ್ವಾಮಿ ಎಲ್ಲ ವಿಚಾರಿಸಿಯೇ ಒಪ್ಪಿದ್ದ. ತಿಂಗಳಿಂದ ಮಳವಳ್ಳಿಯ ಮಗಳ ಮನೆಯಲ್ಲಿದ್ದ ಅಜ್ಜಿ ಸಣ್ಣತಾಯಮ್ಮ ಬೆಳಗ್ಗೆ ಬಸ್ಸಿಳಿದು ಬಂದು, “ಉಡ್ಗ ಯಾರ್ ಮಗ ಕಣ್ಲಾ?” ಅಂತ ಮಗನನ್ನು ಕೇಳಿದಳು.

“ಬೆಸಗರಳ್ಳಿ ಅಂಕಯ್ಯನ ಮಗನ ಮಗ ಕಣವ್ವ.”

ಅಜ್ಜಿ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. “ಈ ಸಂಬಂಧ ಬ್ಯಾಡ.”

“ಯಾಕವ್ವ?”

“ಬ್ಯಾಡ ಅಂದ್ರೆ ಬ್ಯಾಡ!”

“ಅವ್ರು ಮದ್ದೂರು ದಾಟವ್ರೆ. ಈಗ ಬಾಯಿ ಬುಟ್ರೆ ನನ್ ಮಾನ ಓಯ್ತದೆ” ಅಂತ ಸ್ವಾಮಿ ಗುಡುಗಿ ಹೊರಗೆ ಹೋದ.

ಶೋಭಿತಾಗೆ ಸಿಟ್ಟು ನೆತ್ತಿಗೇರಿತು. ಮುದುಕಿಗೆ ಅರಳುಮರಳು ಅಂದುಕೊಂಡಳು. ಅಷ್ಟರಲ್ಲಿ ಕಳೆದ ವರ್ಷದ ನೆನಪೊಂದು ಬಂತು. ಅಂಕಯ್ಯ ಸತ್ತ ವಾರವೇ ಅಜ್ಜಿ ಸೊಂಟನೋವು ಅಂತ ದೀಪ ಹಚ್ಚಿರಲಿಲ್ಲ. ಮುತ್ತತ್ತಿ ದೇವಸ್ಥಾನಕ್ಕೆ ಹೊರಟಿದ್ದ ಅಪ್ಪನನ್ನೂ ತಡೆದಿದ್ದಳು. ಎಷ್ಟು ದಿನ? ಅವಳು ಬೆರಳು ಮಡಚಿ ಎಣಿಸಿದಳು. ಹನ್ನೊಂದೇ.

ಅಜ್ಜಿಯನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆಳೆದಳು.

“ಅಜ್ಜಿ, ಅಂಕಯ್ಯ ಸತ್ತಾಗ ನಮ್ಮಪ್ಪಂಗೆ ಯಾಕೆ ಸೂತಕ ಇಡಿಸ್ದೆ?”

“ನಿಮ್ಮಪ್ಪಂಗೆ ಅದು ಗೊತ್ತಿಲ್ಲ ಕಣವ್ವ. ಯಾರ್ಗೂ ಗೊತ್ತಿಲ್ಲ. ಜಲ್ಮ ಕೊಟ್ಟ ಅಪ್ಪಂಗೆ ಮಗ ಅಷ್ಟಾದ್ರೂ ಮಾಡ್ಲಿ ಅಂತ... ಆ ಉಡ್ಗ ನಿಂಗೆ ಅಣ್ಣ ಆಗ್ಬೇಕು ಕಣವ್ವ.”

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

ನೆಂಟರು ಚಾಪೆಯ ಮೇಲೆ ಕೂತರು, ಎಲೆ ಅಡಿಕೆಯ ತಟ್ಟೆ ನಡುವೆ ಬಂತು. ಕರಿಕೋಟೆಯ ಕೊನೆಯ ಭಾಗ ನಿನ್ನೆ ಬಿಡುಗಡೆ ಆಗಿತ್ತು. ನಿದ್ದೆಗೆಟ್ಟ ಕಣ್ಣಿನ ಶಶಿಧರ ಪಕ್ಕಕ್ಕೆ ಬಂದು ನಗುತ್ತಾ ಪಿಸುಗುಟ್ಟಿದ.

“ಸೋತೆ ಕಣೆ. ನೀನೇಳಿದ್ದೇ ನಿಜ. ಇರೀನಾ ಅವನ ಮೊಮ್ಮಗಳೇ.”

ಶೋಭಿತಾ ಅವನಿಂದ ಮುಖ ತಿರುಗಿಸಿದಳು. ತಲೆ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು. “ನಂಗೆ ಈ ಮದ್ವೆ ಬ್ಯಾಡ. ಇಷ್ಟ ಇಲ್ಲ.”

ಸ್ವಾಮಿ ನೆಂಟರ ಎದುರೇ ಅವಳ ಕೆನ್ನೆಗೆ ಬಾರಿಸಿದ. ಅಜ್ಜಿ ತಡಬಡಿಸಿ ಎದ್ದು ಬಂದಳು. “ಒಡೀಬ್ಯಾಡ ಕಣ್ಲಾ, ತಪ್ಪು ಅವಳ್ದಲ್ಲ, ತಪ್ಪು...”

ಶೋಭಿತಾ ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ತಪ್ಪು ನಂದೇ ಕಣಪ್ಪ” ಅಂದಳು.