ಹಾಸಿಗೆ ಬದಲಿಸಿದವರು

ಸೀಮೆಎಣ್ಣೆ ಮತ್ತು ಬಿಸಿಲಿಗೆ ಕಾದ ಹತ್ತಿ, ಇವೆರಡೂ ಬೆರೆತ ವಾಸನೆಯೊಂದು ಬಾಲ್ಯದಿಂದ ನನ್ನ ಮೂಗಿನಲ್ಲಿ ಉಳಿದುಬಿಟ್ಟಿದೆ. ರಜೆಯ ದಿನ ಅಮ್ಮ ಮಂಚವನ್ನು ಹೊರಗೆಳೆದು, ಕೋಳಿಪುಕ್ಕವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದೊಂದೇ ಸಂದಿಗೆ ತೀಡುತ್ತಿದ್ದಳು. ತಿಗಣೆ ಹೊರಬಂದಾಗಲೆಲ್ಲ ನಾವು ಮಕ್ಕಳು ಕೇಕೆ ಹಾಕುತ್ತಿದ್ದೆವು. ಆಗ ಅದು ನಮಗೆ ಆಟ.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಅದು ಆಟವಾಗಿರಲಿಲ್ಲ. ಮಗ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಸೊಸೆಯ ಹೊಲಿಗೆಯಿಂದ. ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಬಟ್ಟೆಯ ಥಾನುಗಳು, ಗೋಡೆ ಪಕ್ಕದಲ್ಲಿ ಅವಳ ಹಾಸಿಗೆ. ಹಿಂದಿನ ಕೋಣೆಯಲ್ಲಿ ನನ್ನ ಮಂಚ. ಒಂದು ಆಸ್ಪತ್ರೆಯ ದಾದಿಯರಿಗೆ ಅರವತ್ತು ಬಿಳಿ ಕೋಟು ಹೊಲಿದುಕೊಡಬೇಕಿತ್ತು. ಸೋಮವಾರ ಗಡುವು. ಆ ಕೆಲಸ ಕೈಹಿಡಿದರೆ ವರ್ಷವಿಡೀ ಹೊಲಿಗೆ ಸಿಗುತ್ತಿತ್ತು. ಕೈಬಿಟ್ಟರೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ನನ್ನ ಮಣಿಕಟ್ಟಿನ ಮೇಲೆ ಸಾಲಾಗಿ ಮೂರು ಕೆಂಪು ದದ್ದು ಎದ್ದಾಗಲೇ ನನಗೆ ಗೊತ್ತಾಯಿತು. ಪದವಿಗೆ ಪ್ರಾಣಿಶಾಸ್ತ್ರ ಓದಿದವಳು ನಾನು. ತಿಗಣೆಯ ಚಿತ್ರ ಬಿಡಿಸಿ ಅಂಕ ಗಿಟ್ಟಿಸಿದ್ದೆ. ಆ ಅಂಕ ಈಗ ಯಾವ ಕೆಲಸಕ್ಕೂ ಬರಲಿಲ್ಲ. ಹೊದಿಕೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿದೆವು. ಹಾಸಿಗೆಯನ್ನು ತಾರಸಿಗೆ ಹೊತ್ತು ಬಿಸಿಲಿಗೆ ಹಾಕಿದೆವು. ಅಂಗಡಿಯ ಔಷಧಿ ಡಬ್ಬಿ ಎರಡು ಖಾಲಿಯಾದವು. ನಾನು ಸೀಮೆಎಣ್ಣೆಯ ಮಾತೆತ್ತಿದಾಗ ಸೊಸೆ ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅತ್ತೆ, ದಿನಾ ಇಸ್ತ್ರಿಪೆಟ್ಟಿಗೆ ಕಾಯೋ ಮನೇಲಿ ಸೀಮೆಎಣ್ಣೆನಾ? ತಿಗಣೆ ಜೊತೆ ನಾವೂ ಹೊರಟುಬಿಡ್ತೀವಿ."

ಆವತ್ತು ಇಬ್ಬರೂ ನಕ್ಕೆವು. ಅದೇ ಕೊನೆ.

ಗುರುವಾರ ಬೆಳಿಗ್ಗೆ ನಲವತ್ತೆಂಟನೆಯ ಕೋಟಿಗೆ ಗುಂಡಿ ಹಚ್ಚುತ್ತಿದ್ದೆ. ಕಾಲರಿನ ಮಡಿಕೆಯಿಂದ ಎಳ್ಳಿನಷ್ಟು ಕಂದು ಹುಳ ಹೊರಬಂದು, ಬಿಳಿ ಬಟ್ಟೆಯ ಮೇಲೆ ನಿಧಾನಕ್ಕೆ ನಡೆಯಿತು. ಸೊಸೆ ಅದನ್ನು ನೋಡಿದಳು. ಕಿರುಚಲಿಲ್ಲ. ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

"ಆಸ್ಪತ್ರೆಗೆ, ಅತ್ತೆ. ಆಸ್ಪತ್ರೆಗೆ ತಿಗಣೆ ಕಳಿಸ್ತೀನಾ ನಾನು?"

ಮರುದಿನ ಔಷಧಿ ಹೊಡೆಯುವವರು ಬಂದರು. ಬಡಕಲು ಮೈಯ, ನಡುವಯಸ್ಸಿನ ಮನುಷ್ಯ. ಕಂಪನಿಯ ಹೆಸರಿನ ಅಂಗಿ ತೊಟ್ಟಿರಲಿಲ್ಲ. ಪಂಪನ್ನು ತರಕಾರಿ ಚೀಲದಲ್ಲಿ ಅಡಗಿಸಿ ತಂದಿದ್ದರು.

"ಮೆಟ್ಟಿಲಲ್ಲಿ ಕೆಳಗಿನ ಮನೆಯವರು ಕೇಳಿದ್ರು. ನಲ್ಲಿ ರಿಪೇರಿ ಅಂದೆ," ಎಂದರು. ಅಷ್ಟು ಹೇಳಿದ್ದಕ್ಕೇ ನನ್ನ ಕಣ್ಣು ತುಂಬಿತು.

ಮಂಡಿಯೂರಿ ಕೂತು, ಟಾರ್ಚಿನ ಬೆಳಕು ಬಿಟ್ಟು, ಹಳೆಯ ಗುರುತಿನ ಚೀಟಿಯ ಅಂಚಿನಿಂದ ಹಾಸಿಗೆಯ ಹೊಲಿಗೆಗಳನ್ನು ಕೆದಕಿದರು. ಮಂಚದ ಸಂದಿ, ಗೋಡೆಯ ಬಿರುಕು, ಸ್ವಿಚ್ಚಿನ ಪಟ್ಟಿ, ಮಿಷನ್ನಿನ ಕೆಳಭಾಗ ಎಲ್ಲ ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಹಿಂದಿನ ಕೋಣೇಲಿ ಹಳೆ ಗೂಡಿದೆ, ಸರಿ. ಮುಂದಿನ ಕೋಣೇಲಿ ಹಾಸಿಗೆ, ಥಾನು, ಎರಡು ಕಡೆ ಹೇಗೆ ಬಂತು? ಇವು ಹಾರಲ್ಲ. ಯಾರೋ ಹೊತ್ತು ತಂದಿರಬೇಕು. ಯಾರ್ಯಾರು ಎಲ್ಲೆಲ್ಲಿ ಮಲಗ್ತೀರಿ? ನಿಜ ಹೇಳಿ."

ಮೊದಲು ನಾನೇ ಹೇಳಿದೆ. ರಾತ್ರಿಯೆಲ್ಲ ಕಚ್ಚಿಸಿಕೊಂಡು ನಿದ್ದೆಯಿರುತ್ತಿರಲಿಲ್ಲ. ಸೊಸೆಗೆ ತಿಳಿದರೆ ನೊಂದುಕೊಳ್ಳುತ್ತಾಳೆ ಎಂದು, ಅವಳು ದಾರ ತರಲು ಹೋದ ಮಧ್ಯಾಹ್ನಗಳಲ್ಲಿ ನನ್ನ ಹೊದಿಕೆ ತಂದು ಥಾನುಗಳ ಮೇಲೆ ಹಾಸಿ ಮಲಗುತ್ತಿದ್ದೆ. ಅವಳು ಬರುವಷ್ಟರಲ್ಲಿ ಎದ್ದು, ಬಟ್ಟೆಯ ಸುಕ್ಕು ತೀಡಿಬಿಡುತ್ತಿದ್ದೆ.

ಸೊಸೆ ನನ್ನ ಕಡೆ ತಿರುಗಲೇ ಇಲ್ಲ. ಗೋಡೆ ನೋಡುತ್ತ ಹೇಳಿದಳು, "ನಂದೂ ಇದೆ. ಅತ್ತೆ ಸ್ನಾನಕ್ಕೆ ಹೋದಾಗ ಹಾಸಿಗೆ ಬದಲಾಯಿಸಿದೆ. ನನ್ನ ಚೊಕ್ಕಟ ಹಾಸಿಗೆ ಅವರ ಮಂಚಕ್ಕೆ, ಅವರದ್ದು ನನಗೆ. ಒಂದು ವಾರ ಆಯ್ತು."

ಹಾಸಿಗೆ ಮೆತ್ತಗಾಯಿತಲ್ಲ, ಬಿಸಿಲಿನ ಮಹಿಮೆ ಎಂದು ನಾನು ಬೀಗಿಕೊಂಡಿದ್ದೆ.

ಆತ ಟಾರ್ಚು ಆರಿಸಿದರು. "ಜಗಳ ಆಡೋ ಅತ್ತೆ ಸೊಸೆ ಆಗಿದ್ರೆ ಒಂದೇ ಕೋಣೇಲಿ ಮುಗೀತಿತ್ತು. ನೀವಿಬ್ಬರೂ ಒಳ್ಳೆಯವರಾಗಿ ತಿಗಣೆಗೆ ಮನೆಯೆಲ್ಲ ತೋರಿಸಿಬಿಟ್ರಿ."

ಯಾರೂ ನಗಲಿಲ್ಲ.

ಆಮೇಲೆ ಆತ ಬಿಡಿಸಿ ಹೇಳಿದರು. ಔಷಧಿ ಹೊಡೆದ ಮೇಲೆ ಮಂಚ ಕೋಣೆಯ ನಡುವೆ ಇರಬೇಕು, ಗೋಡೆಗೆ ತಾಗಬಾರದು. ನಾಲ್ಕೂ ಕಾಲಿಗೆ ಸೋಪುನೀರಿನ ಬಟ್ಟಲು. ಹೊದಿಕೆ ನೆಲಕ್ಕೆ ಇಳಿಬೀಳಬಾರದು. ನಾನು ಅಲ್ಲೇ ಮಲಗಬೇಕು. ಮೈಯ ಬಿಸಿಗೆ ಅವು ಅಡಗಿದ ಕಡೆಯಿಂದ ಹೊರಟು, ದಾರಿಯ ಔಷಧಿ ತುಳಿದು ಸಾಯಬೇಕು. ಮೊಟ್ಟೆ ಒಡೆದು ಬಂದ ಮರಿಗಳಿಗಾಗಿ ಎರಡು ವಾರ ಬಿಟ್ಟು ಇನ್ನೊಂದು ಸಲ ಔಷಧಿ.

"ಅಲ್ಲೀವರೆಗೆ ಕಚ್ಚಿದ್ರೂ ಜಾಗ ಬಿಡಬೇಡಿ ಅಮ್ಮಾ. ಮುಂದಿನ ಕೋಣೆಗೆ ನಿಮ್ಮ ಸೆರಗೂ ಸೋಕಬಾರದು."

ಅಂದರೆ ಗುಂಡಿ ಹಚ್ಚುವ ಕೆಲಸವೂ ನನ್ನ ಕೈತಪ್ಪಿತು. ಅವಳಿಗೆ ನಾನು ಕೊಡುತ್ತಿದ್ದುದು ಅದೊಂದೇ.

ಔಷಧಿ ಒಣಗುವವರೆಗೆ ಮೆಟ್ಟಿಲ ಮೇಲೆ ಕೂತೆವು. ಹೊಲಿದ ಕೋಟುಗಳೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ, ಬಾಯಿ ಬಿಗಿದು, ನಮ್ಮ ಮುಂದಿದ್ದವು. ಯಾರಿಗೂ ಹೇಳದೆ ಕೊಟ್ಟುಬಿಡಬಹುದಿತ್ತು. ಸೊಸೆ ಫೋನನ್ನು ಮೂರು ಸಲ ಕೈಗೆತ್ತಿಕೊಂಡು ಮೂರು ಸಲವೂ ಕೆಳಗಿಟ್ಟಳು. ನಾಲ್ಕನೆಯ ಸಲ ಆಸ್ಪತ್ರೆಯ ಉಗ್ರಾಣದ ಮೇಡಂಗೆ ಕರೆಮಾಡಿ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ನನ್ನ ಹೆಸರು ಮಾತ್ರ ತರಲಿಲ್ಲ. "ನನ್ನಿಂದ ತಪ್ಪಾಯ್ತು ಮೇಡಂ," ಎಂದಳು.

ಆ ಕಡೆಯ ದನಿ ನನಗೂ ಕೇಳಿಸಿತು.

"ಚೀಲ ಬಿಚ್ಚಬೇಡಿ. ಸೋಮವಾರ ಹಿಂದಿನ ಬಾಗಿಲಿಗೆ ತನ್ನಿ. ನಮ್ಮ ಲಾಂಡ್ರಿಯ ಬಿಸಿ ಮಿಷನ್‌ಗೆ ಹಾಕಿಸಿ ನೋಡ್ತೀನಿ. ಆಮೇಲೂ ಒಂದು ಕಂಡ್ರೆ ನನ್ನ ಕೈಲಿ ಏನೂ ಇರಲ್ಲ. ಮುಂದಿನ ಕೆಲಸದ ಮಾತು ಈಗ ಬೇಡ."

ಸೊಸೆ ಫೋನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅವಳ ಭುಜ ಮುಟ್ಟಲು ಕೈಚಾಚಿದೆ. ಮೈಮೇಲೆ ಏನಿದೆಯೋ ಎಂದು ಹೆದರಿ ಹಿಂದೆಳೆದುಕೊಂಡೆ.

ಸಂಜೆ ಒಳಗೆ ಹೋದೆವು. ಉಳಿದ ಹನ್ನೆರಡು ಕೋಟುಗಳ ಬಟ್ಟೆಯನ್ನು ಅವಳು ಇಂಚಿಂಚಾಗಿ ಹಬೆಯ ಇಸ್ತ್ರಿಗೆ ಕೊಟ್ಟು, ಮತ್ತೆ ಮಿಷನ್ನಿಗೆ ಕೂತಳು. ಕೋಣೆಯ ನಡುವಿನ ಮಂಚದ ಮೇಲೆ, ನಾಲ್ಕು ಬಟ್ಟಲು ನೀರಿನ ನಡುವೆ, ನಾನು ಕಾಲು ಮಡಚಿ ಕೂತಿದ್ದೆ. ಮೆಟ್ಟಿಲಿಂದ ಎದ್ದು ಒಳಬಂದ ಮೇಲೆ ಅವಳು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಇವಳ ಬದುಕನ್ನು ನಾನೇ ತಿಂದುಹಾಕಿದೆನೇನೋ ಎಂಬ ಯೋಚನೆ ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮಿಷನ್ನಿನ ಸದ್ದು ನಿಂತಿತು. ಅಡುಗೆಮನೆಯಲ್ಲಿ, ಔಷಧಿ ತಾಗದಂತೆ ಚೀಲದಲ್ಲಿ ಕಟ್ಟಿಟ್ಟಿದ್ದ ಪಾತ್ರೆಗಳನ್ನು ಬಿಚ್ಚುವ ಸರಸರ ಶಬ್ದ. ಸ್ವಲ್ಪ ಹೊತ್ತಿನ ಮೇಲೆ ಅವಳು ಬಾಗಿಲಲ್ಲಿ ಕಾಣಿಸಿಕೊಂಡಳು. ಬಟ್ಟಲಿಗೆ ಕಾಲು ತಗಲದಂತೆ ನಿಂತು, ಮುಂದಕ್ಕೆ ಬಾಗಿ, ಬಿಸಿ ಅನ್ನದ ತಟ್ಟೆಯನ್ನು ನನ್ನ ಕೈಗಿತ್ತಳು.