ಟ್ಯಾಂಪಾ ಗೆದ್ದ ವಾರ

ಥ್ಯಾಂಕ್ಸ್‌ಗಿವಿಂಗ್ ಊಟ ಮುಗಿದು ಕುಂಬಳಕಾಯಿ ಪೈ ಇನ್ನೂ ಮೇಜಿನ ಮೇಲಿರುವಾಗಲೇ ಅರ್ನಿ ಸಾಬೋ ತನ್ನ ಮಾಮೂಲಿ ಕಥೆ ಶುರುಮಾಡಿದ. ಎದುರಿಗೆ ಕೂತಿದ್ದ ಅವನ ತಂಗಿ ಮಾರ್ಲೀನ್ ತಟ್ಟೆ ಪಕ್ಕಕ್ಕೆ ಸರಿಸಿದಳು. ಇನ್ನು ಒಂದು ತುತ್ತೂ ಒಳಗಿಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಎಪ್ಪತ್ತೆಂಟರ ಹಿಮಬಿರುಗಾಳಿ," ಎಂದ ಅರ್ನಿ, ಮನೆಗೆ ಹೊಸದಾಗಿ ಬಂದ ಅಳಿಯ ಬ್ರೆಂಡನ್ ಕಡೆ ತಿರುಗಿ. "ಟೊಲೀಡೊ ಪೂರ್ತಿ ಹೂತುಹೋಗಿತ್ತು. ಬಾಗಿಲು ತೆಗೆದ್ರೆ ಬಿಳೀ ಗೋಡೆ. ಸ್ಕೂಲಿಲ್ಲ, ಏನಿಲ್ಲ. ಈ ಮನೆ ನೆಲಮಾಳಿಗೇಲಿ ಬೀದಿ ಹುಡುಗರೆಲ್ಲ ಸೇರಿ ಇಡೀ ಫುಟ್ಬಾಲ್ ಲೀಗೇ ಆಡಿಬಿಟ್ವಿ. ಕೂತಲ್ಲೇ ಆಡೋದು: ಒಂದು ಹಲಗೆ, ಇಸ್ಪೀಟಿನಂಥ ಒಂದಿಷ್ಟು ಎಲೆ, ಎರಡು ದಾಳ, ಎಪ್ಪತ್ತಾರರ ಸೀಸನ್ನಿನ ಒಂದೊಂದು ತಂಡಕ್ಕೂ ಒಂದೊಂದು ಹಾಳೆ. ರೂಡಿ ಕೋವಾಚ್ ಹತ್ರ ಓಕ್ಲೆಂಡ್ ಇತ್ತು, ಆ ಸೀಸನ್ನಿನ ಚಾಂಪಿಯನ್ನು. ನನ್ನ ತಲೆಗೆ ಕಟ್ಟಿದ್ದು ಟ್ಯಾಂಪಾ."

"ಟ್ಯಾಂಪಾನಾ! ಆ ಸೀಸನ್ನಲ್ಲಿ ಅವರು ಒಂದು ಮ್ಯಾಚೂ ಗೆಲ್ಲಲಿಲ್ವಲ್ಲ?" ಎಂದ ಬ್ರೆಂಡನ್.

"ಒಂದೂ ಇಲ್ಲಪ್ಪ. ಅಂಥಾ ದಂಡಪಿಂಡಗಳನ್ನ ಇಟ್ಕೊಂಡು ಫೈನಲ್‌ನಲ್ಲಿ ಓಕ್ಲೆಂಡ್‌ಗೆ ಮಣ್ಣು ಮುಕ್ಕಿಸಿದೆ."

"ಅದು ನಾನು," ಎಂದಳು ಮಾರ್ಲೀನ್.

"ನೀನೂ ಇದ್ದೆ ಬಿಡೇ," ಎಂದ ಅರ್ನಿ, ಮಗುವಿನ ಕೆನ್ನೆ ತಟ್ಟುವವನ ದನಿಯಲ್ಲಿ. "ಇವಳು ನಮಗೆಲ್ಲ ಸ್ಯಾಂಡ್‌ವಿಚ್ ತಂದ್ಕೊಡ್ತಿದ್ಲು, ಪಾಪ. ಮೆಟ್ಟಿಲು ಹತ್ತಿ ಇಳಿದೂ ಹತ್ತಿ ಇಳಿದೂ ಸುಸ್ತಾಗೋಳು."

ಎಲ್ಲರೂ ನಕ್ಕರು. ಮಾರ್ಲೀನ್ ಐವತ್ತೆಂಟರ ಹೆಂಗಸು. ಊರಿನ ಸಿಟಿ ಬಸ್ಸನ್ನು ಅರ್ಧ ಆಯುಷ್ಯ ಓಡಿಸಿದವಳು. ಕುಡಿದು ಗಲಾಟೆ ಮಾಡುವವರನ್ನು ಒಂದು ಕಣ್ಣೋಟದಲ್ಲೇ ಕೆಳಗಿಳಿಸುವಳು. ಆದರೆ ಈ ಮೇಜಿನ ಮುಂದೆ ಕೂತರೆ ಮಾತ್ರ ಅವಳ ಗಂಟಲು ಹನ್ನೊಂದು ವರ್ಷದ ಹುಡುಗಿಯದಾಗಿಬಿಡುತ್ತಿತ್ತು. ಪ್ರತಿ ವರ್ಷ ಅದೇ ಕಥೆ, ಅದೇ ಸ್ಯಾಂಡ್‌ವಿಚ್ಚು. ಅವಳು ಪ್ರತಿ ವರ್ಷ "ಅದು ನಾನು" ಎನ್ನುತ್ತಿದ್ದಳು. ಪ್ರತಿ ವರ್ಷವೂ ಯಾರೋ ಒಬ್ಬರು ಅವಳ ಮುಂದೆ ಕಾಫಿ ತಂದಿಡುತ್ತಿದ್ದರು.

ನಡೆದದ್ದೇ ಬೇರೆ. ಲೀಗಿಗೆ ಒಬ್ಬರು ಕಡಿಮೆಯಾದರೆಂದು ಹುಡುಗರು ಅವಳನ್ನು ಕೆಳಗೆ ಕರೆದಿದ್ದರು. ಯಾರಿಗೂ ಬೇಡವಾದ ಟ್ಯಾಂಪಾ ಹಾಳೆಯನ್ನು ಅವಳ ಮುಂದೆ ಎಸೆದಿದ್ದರು. ಡಲ್ಲಾಸ್ ಹಿಡಿದಿದ್ದ ಅರ್ನಿ ಮೊದಲನೇ ದಿನವೇ ಸೋತು, ಮುಖ ಊದಿಸಿಕೊಂಡು ಮೇಲೆ ಹೋಗಿ ಹೊದ್ದು ಮಲಗಿದವನು ಮತ್ತೆ ಕೆಳಗಿಳಿಯಲೇ ಇಲ್ಲ. ಫೈನಲ್ ಹೊತ್ತಿಗೆ ಉಳಿದ ಹುಡುಗರೂ ಮನೆ ಸೇರಿದ್ದರು; ಹಲಗೆಯ ಮುಂದೆ ಇದ್ದವರು ಅವಳೂ ರೂಡಿಯೂ ಇಬ್ಬರೇ. ಆ ವಾರವನ್ನು ನೆನೆದರೆ ಮಾರ್ಲೀನಳಿಗೆ ಈಗಲೂ ಮೊದಲು ಬರುವುದು ವಾಷಿಂಗ್ ಮೆಷಿನ್ ಪಕ್ಕದ ಸೋಪಿನ ಪುಡಿಯ ವಾಸನೆ, ಪ್ಲೈವುಡ್ ಹಲಗೆಯ ಮೇಲೆ ದಾಳ ಉರುಳುವ ಸದ್ದು. ಅದಕ್ಕಿಂತ ಹೆಚ್ಚಾಗಿ, ಎಲೆಯನ್ನು ಬೋರಲು ಇಟ್ಟು ಎದುರಾಳಿಯ ಮುಖ ನೋಡುವ ಆ ಕ್ಷಣ. ಚೆಂಡು ಹಿಡಿದವನನ್ನು ಓಡಿಸುತ್ತಾಳೋ, ಚೆಂಡನ್ನು ಮುಂದಕ್ಕೆ ಎಸೆಯುತ್ತಾಳೋ? ತನಗಿಂತ ದೊಡ್ಡ ಹುಡುಗರು ಉಸಿರು ಬಿಗಿಹಿಡಿದು ಅವಳ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಅವಳ ಬದುಕಿನಲ್ಲಿ ಯಾರೂ ಹಾಗೆ ಕಾಯಲಿಲ್ಲ. ಬಸ್ಸಿಗೆ ಕಾಯುತ್ತಿದ್ದರು, ನಿಜ. ಅದು ತಡವಾಯಿತೆಂದು ಬೈಯುವುದಕ್ಕೆ.

ಈ ಸಲ ಅವಳು ಕಾಫಿ ಮುಟ್ಟಲಿಲ್ಲ. ಎದ್ದು ನೆಲಮಾಳಿಗೆಗೆ ಇಳಿದಳು. ಅಪ್ಪ ಅಮ್ಮ ಹೋದಮೇಲೆ ಆ ಮನೆ ಅರ್ನಿಯದು. ಅವನು ಯಾವುದನ್ನೂ ಎಸೆಯುವವನಲ್ಲ. ಕ್ರಿಸ್‌ಮಸ್ ದೀಪಗಳ ಸಿಕ್ಕಿನ ಕೆಳಗೆ, ತೂತುಬಿದ್ದ ಹೀಟರಿನ ಹಿಂದೆ ಆ ಆಟದ ಕೆಂಪು ಡಬ್ಬ ಇತ್ತು. ಮುಚ್ಚಳದ ಒಂದು ಮೂಲೆ ಇಲಿ ತಿಂದಿತ್ತು. ಅದನ್ನು ಮೇಲೆ ತಂದು ಪೈ ಪಕ್ಕದಲ್ಲೇ ಇಟ್ಟಳು.

"ಶನಿವಾರ ಮಧ್ಯಾಹ್ನ ರೂಡೀನ ಕರ್ಕೊಂಡು ಬರ್ತೀನಿ," ಎಂದಳು. "ಅವನ ಬಾಯಲ್ಲೇ ಕೇಳಿಬಿಡು ಯಾರು ಗೆದ್ದಿದ್ದು ಅಂತ."

"ಕರ್ಕೊಂಡು ಬಾ," ಎಂದ ಅರ್ನಿ. "ನಂಗೇನು ಭಯ?"

ರೂಡಿ ಕೋವಾಚ್‌ಗೆ ಈಗ ಕೈ ನಡುಗುವ ಕಾಯಿಲೆ. ಕಾರು ಓಡಿಸುವುದನ್ನು ಬಿಟ್ಟು, ನದಿಯಾಚೆ ವಯಸ್ಸಾದವರ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆ ಹಿಡಿದಿದ್ದ. ಶನಿವಾರ ಮಾರ್ಲೀನ್ ಅವನನ್ನು ಕೂರಿಸಿಕೊಂಡು ಬಂದಳು. ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡೇ ಇದ್ದಳು. ಮೊದಲೇ ಹೇಳಿಕೊಟ್ಟು ಕರೆತಂದಳೆಂದು ಅರ್ನಿ ಅನ್ನಬಾರದಲ್ಲ. ಅಡಿಗೆಮನೆಯ ಮೇಜಿನ ಮುಂದೆ ಅವನ ಕೋಟು ಬಿಚ್ಚಿಸಿ ಕೂರಿಸಿದ್ದೇ ತಡ, ಕೇಳಿದಳು.

"ರೂಡಿ, ಎಪ್ಪತ್ತೆಂಟರಲ್ಲಿ ಟ್ಯಾಂಪಾ ಇಟ್ಕೊಂಡು ನಿನ್ನ ಓಕ್ಲೆಂಡನ್ನ ಸೋಲಿಸಿದ್ದು ಯಾರು?"

ರೂಡಿ ಅರ್ನಿಯನ್ನು ನೋಡಿದ, ಅವಳನ್ನು ನೋಡಿದ, ತಟ್ಟೆಯಲ್ಲಿದ್ದ ಕಿಫ್ಲಿಗಳನ್ನು, ಅಕ್ರೋಟು ತುಂಬಿದ ಬಿಸ್ಕತ್ತುಗಳನ್ನು, ನೋಡಿದ. "ಯಾರೋ ಸೋಲಿಸಿದ್ರು ಮಾರಾಯ್ತಿ. ಯಾರು ಅಂತ ಯಾರಿಗೆ ನೆನಪಿದೆ? ಈಗ ಬೆಳಿಗ್ಗೆ ಮಾತ್ರೆ ತಗೊಂಡ್ನೋ ಇಲ್ವೋ ಅನ್ನೋದೇ ನೆನಪಿರಲ್ಲ."

ಅರ್ನಿ ಮೇಜು ಕುಟ್ಟಿ ನಕ್ಕ. ಮಾರ್ಲೀನಳ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಅವಳು ನೆಚ್ಚಿಕೊಂಡಿದ್ದ ಒಂದೇ ಸಾಕ್ಷಿ ಕಿಫ್ಲಿ ಅಗಿಯುತ್ತ ಕೂತಿತ್ತು.

"ಸರಿ ಹಾಗಾದ್ರೆ, ಆಡೋಣ," ಎಂದಳು. "ನಾನು ಟ್ಯಾಂಪಾ, ನೀನು ಓಕ್ಲೆಂಡ್. ಆಡಿದ್ರೆ ನೆನಪಾಗುತ್ತೆ."

ಆಟ ಅವಳ ನೆನಪಿನಲ್ಲಿ ಗಾಳಿಯ ಹಾಗೆ ಹೋಗುತ್ತಿತ್ತು. ಮೇಜಿನ ಮೇಲೆ ಅದು ತೆವಳಿತು. ಎಲೆಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಚಾಕುವಿನ ತುದಿಯಿಂದ ಬಿಡಿಸಬೇಕಾಯಿತು. ಒಂದು ದಾಳ ಕಾಣೆಯಾಗಿತ್ತು. ಮೊಮ್ಮಕ್ಕಳ ಆಟದ ಡಬ್ಬದಿಂದ ದ್ರಾಕ್ಷಿ ಹಣ್ಣಿನಷ್ಟು ದೊಡ್ಡ ಹಸಿರು ದಾಳ ತಂದರು. ದಾಳ ಎಷ್ಟು ಬಿದ್ದರೆ ಎಷ್ಟು ಗಜ ಎಂದು ತಂಡದ ಹಾಳೆಯ ಮೇಲೆ ಬರೆದಿದ್ದ ಅಂಕಿಗಳು ಇರುವೆಯ ಸಾಲಿನಂತಿದ್ದವು. ರೂಡಿ ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿಗೆ ಹಿಡಿದು, ಪ್ರತಿ ಸಲವೂ ತಪ್ಪು ಸಾಲನ್ನೇ ಓದುತ್ತಿದ್ದ.

"ಒಂಬತ್ತು ಗಜ ಮುಂದೆ."

"ಅದು ಎಸೆತದ ಸಾಲು ಕಣೋ. ನೀನು ಓಡಿಸಿದ್ದು. ಎರಡೇ ಗಜ."

"ಎರಡಾ? ಓಕ್ಲೆಂಡ್‌ಗೆ ಎರಡಾ? ಈ ಹಾಳೆ ಬರೆದೋನಿಗೆ ಬುದ್ಧಿ ಇಲ್ಲ."

ನಡುಗುವ ಕೈಯಿಂದ ಅವನೆಸೆದ ದಾಳ ಒಲೆಯ ಕೆಳಗೆ ಹೋಗುತ್ತಿತ್ತು. ಕೊನೆಗೆ ಮಾರ್ಲೀನ್ ಅವನಿಗೊಂದು ಕಾಫಿ ಕಪ್ ಕೊಟ್ಟಳು, ಅದರಲ್ಲಿ ಕುಲುಕಿ ಕವುಚುವುದಕ್ಕೆ. ಇದರ ಮಧ್ಯೆ ಅರ್ನಿಯ ಉಪದ್ರವ ಬೇರೆ. ಅವಳ ಹೆಗಲ ಹಿಂದೆ ನಿಂತು ಎಲೆಗಳಲ್ಲಿ ಇಣುಕುತ್ತ, "ಎಸಿಯೇ, ಉದ್ದಕ್ಕೆ ಎಸಿ, ಧೈರ್ಯ ಮಾಡೇ," ಎಂದು ಕಿವಿಯಲ್ಲಿ ಉಸಿರುತ್ತಿದ್ದ. ಟರ್ಕಿ ಸ್ಯಾಂಡ್‌ವಿಚ್ ಬೇಕಾ ಎಂದು ಎರಡು ಸಲ ಕೇಳಿದ. ಅವನ ಫೋನ್ ಬಡಿದುಕೊಂಡಾಗಲೆಲ್ಲ ಎತ್ತಿ, "ಏನಿಲ್ಲ, ಮಾರ್ಲೀನ್‌ಗೆ ಹಳೇ ಆಟದ ಹುಚ್ಚು ಹಿಡಿದಿದೆ," ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

ಇದಕ್ಕಾಗಿಯಾ ನಾನು ಇಷ್ಟು ವರ್ಷ ಹಂಬಲಿಸಿದ್ದು ಎಂದು ಅವಳಿಗೆ ಅಳುವೇ ಬಂದಂತಾಯಿತು. ಡಬ್ಬ ಮುಚ್ಚಿ ಹೊರಟುಬಿಡಬೇಕೆನ್ನಿಸಿತು. ಆದರೆ ಕೈ ಎಲೆ ಬಿಡಲಿಲ್ಲ. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿಯುವ ಹೊತ್ತಿಗೆ ರೂಡಿಯೂ ಮಾತು ನಿಲ್ಲಿಸಿದ್ದ. ಎಲೆ ಬೋರಲಿಟ್ಟು, ಗಲ್ಲಕ್ಕೆ ಕೈ ಕೊಟ್ಟು ಅವಳನ್ನೇ ದಿಟ್ಟಿಸತೊಡಗಿದ್ದ.

ಕೊನೆಯ ನಿಮಿಷಗಳು. ಓಕ್ಲೆಂಡ್ ಹತ್ತು, ಟ್ಯಾಂಪಾ ಏಳು. ಚೆಂಡು ಅವಳದು, ಗೆರೆ ದಾಟಿದರೆ ಗೆದ್ದಳು. ನಾಲ್ಕು ಯತ್ನಗಳಲ್ಲಿ ಎರಡು ಮುಗಿದಿದ್ದವು; ಇನ್ನೂ ಎಂಟು ಗಜ ಬೇಕು. ಅಂಥ ಹೊತ್ತಿನಲ್ಲಿ ಲೋಕದಲ್ಲಿ ಎಲ್ಲರೂ ಚೆಂಡನ್ನು ಎಸೆಯುತ್ತಾರೆ. ಆದ್ದರಿಂದ ಎದುರಾಳಿ ಎಸೆತವನ್ನೇ ಕಾಯುತ್ತಾನೆ. ಮಧ್ಯದಲ್ಲಿ ಹಾದಿ ತೆರೆದಿರುತ್ತದೆ. ಮಾರ್ಲೀನ್ ಓಟದ ಎಲೆ ತೆಗೆದಳು. ಅರ್ನಿ ಹಿಂದಿನಿಂದ, "ಅಯ್ಯೋ, ಓಡಿಸ್ತಾಳಲ್ಲಪ್ಪ!" ಎಂದು ಕಿರುಚಿಬಿಟ್ಟ.

"ಬಾಯಿ ಮುಚ್ಚೋ!" ಎಂದು ಅವಳು ತಿರುಗಿ ಕೂಗಿದಳು.

"ಕೂಗಬೇಡ," ಎಂದ ರೂಡಿ. "ನನ್ನ ಎಲೆ ಆಗಲೇ ಕೆಳಗಿದೆ." ಅದನ್ನು ನಿಧಾನವಾಗಿ ತಿರುವಿದ. ಮಧ್ಯದ ಓಟಕ್ಕೆ ಅಡ್ಡಗೋಡೆ. "ಮೂರನೇ ಯತ್ನದಲ್ಲಿ ನೀನು ಓಡಿಸೇ ಓಡಿಸ್ತೀಯ ಅಂತ ಗೊತ್ತಿತ್ತು. ಆವತ್ತೂ ಹಿಂಗೇ ತಾನೇ ನನ್ನ ಸಾಯಿಸಿದ್ದು ನೀನು?"

ಅಂದುಬಿಟ್ಟ ಮಾತು ರೂಡಿಯ ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು. ಅವನು ಇನ್ನೊಂದು ಕಿಫ್ಲಿಗೆ ಕೈ ಚಾಚಿದ.

"ಕೇಳಿಸ್ತಾ?" ಎಂದಳು ಮಾರ್ಲೀನ್, ಅಣ್ಣನ ಕಡೆ ತಿರುಗಿ. "ಏನಂದ ಕೇಳಿಸ್ತಾ ನಿಂಗೆ?"

"ಕೇಳಿಸ್ತು," ಎಂದ ಅರ್ನಿ. "ಮೂರನೇದ್ರಲ್ಲಿ ಓಡಿಸು ಅಂತ ನಿಂಗೆ ಹೇಳಿಕೊಟ್ಟಿದ್ದೇ ನಾನಲ್ವೇನೇ."

ಅವಳು ಕಟ್ಟಿನಿಂದ ಒಂದು ಎಲೆ ಎಳೆದು ಅವನ ಮೂಗಿನ ಮುಂದೆ ಹಿಡಿದಳು. ಅದರ ಮೇಲೆ ಅಕ್ಷರವಿರಲಿಲ್ಲ, ಬಾಗಿದ ಒಂದು ಬಾಣದ ಗುರುತು ಅಷ್ಟೇ. "ಇದು ಯಾವ ಎಲೆ? ಹೇಳು. ಇಡೀ ವಾರ ಆಡಿದೋನಲ್ವಾ ನೀನು?"

ಅರ್ನಿ ಕಣ್ಣು ಕಿರಿದು ಮಾಡಿದ. "ಎಸೆತ. ಉದ್ದ ಎಸೆತ."

"ಒದೆಯೋದು ಕಣೋ! ಚೆಂಡನ್ನ ಒದ್ದು ಆ ಕಡೆ ಕಳಿಸೋದು. ಪ್ರತಿ ಮ್ಯಾಚಲ್ಲೂ ಹತ್ತು ಸಲ ಬರೋ ಎಲೆ ಇದು!"

ಅರ್ನಿ ಕುರ್ಚಿ ಎಳೆದು ಕೂತ. ಅವನ ಕುತ್ತಿಗೆ ಕೆಂಪಾಗಿತ್ತು. ಹಸಿರು ದಾಳವನ್ನು ಬೆರಳಲ್ಲಿ ತಿರುಗಿಸುತ್ತ, "ಸ್ಕೂಲು ಶುರುವಾದಾಗ ಎಲ್ಲರೂ ಬಂದು ನನ್ನ ಬೆನ್ನು ತಟ್ಟಿದ್ರು," ಎಂದ. "ಟ್ಯಾಂಪಾ ಅರ್ನಿ, ಟ್ಯಾಂಪಾ ಅರ್ನಿ ಅಂತ. ಅಲ್ಲೀವರೆಗೂ ನನ್ನ ಹೆಸರು ಯಾವನಿಗೆ ಗೊತ್ತಿತ್ತು? ನಾನು ಹೌದು ಅನ್ಲಿಲ್ಲ, ಇಲ್ಲಾನೂ ಅನ್ಲಿಲ್ಲ. ಹೇಳ್ತಾ ಹೇಳ್ತಾ... ಈಗ ಕಣ್ಣು ಮುಚ್ಚಿದ್ರೆ ನಾನೇ ಅಲ್ಲಿ ಕೂತಿರೋದು ಕಾಣುತ್ತೆ ಕಣೇ. ನಿಜವಾಗ್ಲೂ."

"ಯಾರು ಹಬ್ಬಿಸಿದ್ದು ಅದನ್ನ?"

ಅರ್ನಿ ಗಲ್ಲದಿಂದಲೇ ಮೇಜಿನಾಚೆಗೆ ತೋರಿಸಿದ. ರೂಡಿ ಅಂಗಿಯ ಮೇಲಿನ ಕಿಫ್ಲಿ ಪುಡಿಯನ್ನು ಒಂದೊಂದಾಗಿ ಕೊಡವಿಕೊಳ್ಳುತ್ತಿದ್ದ.

"ಆಟ ಮುಗಿಸೋಣ," ಎಂದ ರೂಡಿ. "ನಾಲ್ಕನೇದು ಬಾಕಿ ಇದೆ."

ನಾಲ್ಕನೆಯ ಯತ್ನದಲ್ಲಿ ಅವಳು ಎಸೆತದ ಎಲೆ ಇಟ್ಟಳು. ದಾಳ ಮೂರು ತೋರಿಸಿತು. ಚೆಂಡು ನೆಲಕ್ಕೆ ಬಿತ್ತು, ಟ್ಯಾಂಪಾ ಸೋತಿತು. ಬ್ರೆಂಡನ್‌ಗೆ ಫೋನ್ ಮಾಡಿ ನಿಜ ಹೇಳುತ್ತೇನೆಂದು ಅರ್ನಿ ತಾನಾಗಿಯೇ ಅಂದ. ಫೋನ್ ಎತ್ತಿಕೊಂಡ, ಮತ್ತೆ ಕೆಳಗಿಟ್ಟ. "ಏನಂತ ಶುರುಮಾಡ್ಲಿ?" ಎಂದು ಅವಳನ್ನೇ ಕೇಳಿದ. ಅದನ್ನೂ ನಾನೇ ಹೇಳಿಕೊಡಬೇಕಾ ಎಂದು ಅವಳು ಕೋಟು ತೊಟ್ಟಳು.

ಕಾರಿನಲ್ಲಿ ರೂಡಿ ಸೀಟ್‌ಬೆಲ್ಟಿನ ಕೊಕ್ಕೆ ಹುಡುಕುತ್ತ ತಡಕಾಡಿದ. ಮಾರ್ಲೀನ್ ಸುಮ್ಮನೆ ನೋಡಿ, ಆಮೇಲೆ ತಾನೇ ಸಿಕ್ಕಿಸಿದಳು. ಸೇತುವೆ ದಾಟಿದ ಮೇಲೆ ಅಂದಳು:

"ನಿಂಗೆ ಮೊದಲಿಂದಲೂ ನೆನಪಿತ್ತು."

"ಇತ್ತು," ಎಂದ ರೂಡಿ. "ಮರೆಯೋಕಾಗುತ್ತಾ?"

"ಮತ್ತೆ ಸ್ಕೂಲಲ್ಲಿ ಯಾಕೆ ಅವನ ಹೆಸರು ಹೇಳಿದೆ?"

"ನೋಡು, ನಂಗಾಗ ಹದಿನಾಲ್ಕು ವರ್ಷ. ಟ್ಯಾಂಪಾ ಕೈಲಿ ಸೋತೆ ಅಂದ್ರೇನೇ ಸಾಯೋವಷ್ಟು ಅವಮಾನ. ಅದೂ ಅರ್ನಿ ತಂಗಿ ಕೈಲಿ, ಜಡೆಗೆ ರಿಬ್ಬನ್ ಕಟ್ಕೊಂಡಿರೋ ಹುಡುಗಿ ಕೈಲಿ ಅಂತ ಹೇಗಪ್ಪ ಹೇಳ್ಲಿ? ಅರ್ನಿ ಅಂದೆ. ಅವನು ದೊಡ್ಡೋನು, ಗಂಡು ಹುಡುಗ, ಪರವಾಗಿಲ್ಲ ಅನ್ನಿಸ್ತು."

"ಆಮೇಲೆ? ಇಷ್ಟು ವರ್ಷ? ಇವತ್ತು ಮಧ್ಯಾಹ್ನ?"

"ಆಮೇಲೆ ಯಾರೂ ಕೇಳಲಿಲ್ಲ." ರೂಡಿ ಕಿಟಕಿಯಾಚೆ ನೋಡಿದ. "ಇವತ್ತು ನೀನು ಕೇಳ್ದೆ. ಅರ್ನಿ ಮುಖ ನೋಡ್ದೆ. ಹೇಳೋಕಾಗ್ಲಿಲ್ಲ."

ಅವಳಿಗೆ ಬೈಗುಳ ಒತ್ತರಿಸಿ ಬಂತು. ಬಸ್ಸಿನಲ್ಲಾಗಿದ್ದರೆ ಬಾಗಿಲು ತೆರೆದು ಇಳಿಸಿಬಿಡುತ್ತಿದ್ದಳು. ಪಕ್ಕದಲ್ಲಿದ್ದವನ ಕೈ ಮಾತ್ರ ಮಡಿಲಲ್ಲಿ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಅವನು ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದಿದ್ದ. ಇವನ ಮೇಲೆ ಕೂಗಿ ಸಿಗುವುದಾದರೂ ಏನು? ಕೂಗದೆ ಇರುವುದಾದರೂ ಹೇಗೆ? ಅವಳು ಸ್ಟೀರಿಂಗ್ ಮೇಲೆ ಜೋರಾಗಿ ಗುದ್ದಿದಳು. ಹಾರನ್ ಕೂಗಿತು. ಮುಂದಿನ ಕಾರಿನವನು ತಿರುಗಿ ಕೈ ಎತ್ತಿ ಬೈದ.

ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸಿ, ಅವನನ್ನು ಬಾಗಿಲವರೆಗೆ ಕೈ ಹಿಡಿದು ನಡೆಸಿದಳು. ಅವನು ಬೀಗದ ಕೈ ಹುಡುಕುತ್ತ, "ಚೆನ್ನಾಗಿ ಆಡ್ದೆ," ಎಂದ. "ಆ ನಾಲ್ಕನೇ ಎಲೆ ಮಾತ್ರ ತಪ್ಪು. ಮತ್ತೆ ಓಡಿಸಬೇಕಿತ್ತು. ಎರಡನೇ ಸಲಾನೂ ಓಡಿಸ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ನಿನ್ನ ಉಪದೇಶ ಯಾರಿಗೆ ಬೇಕು ರೂಡಿ? ಒಳಗೆ ಹೋಗು, ಥಂಡಿ."

ವಾಪಸ್ ಬಂದು ಕಾರಿನಲ್ಲಿ ಕೂತರೂ ಅವಳು ಕೀ ತಿರುಗಿಸಲಿಲ್ಲ. ಮತ್ತೆ ಓಡಿಸಬೇಕಿತ್ತು. ಹಾಳಾದವನು ಹೇಳಿದ್ದು ನಿಜ. ಮಧ್ಯ ತೆರೆದೇ ಇತ್ತು. ಅವಳು ಮನಸ್ಸಿನಲ್ಲೇ ಎಲೆ ಬದಲಿಸಿದಳು, ದಾಳ ಮತ್ತೆ ಉರುಳಿಸಿದಳು, ಟ್ಯಾಂಪಾದ ಹಾಳೆಯಲ್ಲಿ ಆ ಸಾಲು ಹುಡುಕಿದಳು. ಓಟದ ಸಾಲಿನಲ್ಲಿ ಮೂರಕ್ಕೆ ಎಷ್ಟು ಗಜ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಾಳೆ ಅರ್ನಿಯ ಮೇಜಿನ ಮೇಲೆಯೇ ಉಳಿದಿತ್ತು.